ಚಾವಣಿಯ ಹಳೆಯ ಸ್ಪೀಕರ್‌ಗಳಿಗೆ ಸ್ಟ್ರೀಮಿಂಗ್ ಜೋಡಿಸಬಹುದೇ?

ಪ್ರಶ್ನೆ: ಮೈಸೂರಿನಲ್ಲಿ 2007ರಲ್ಲಿ ಮನೆ ಕಟ್ಟಿಸಿದಾಗ ಹಾಲ್‌ನ ಫಾಲ್ಸ್ ಸೀಲಿಂಗ್‌ನಲ್ಲಿ ನಾಲ್ಕು, ಊಟದ ಕೋಣೆಯಲ್ಲಿ ಎರಡು ಸ್ಪೀಕರ್‌ಗಳನ್ನು ಕೂರಿಸಿದ್ದೆವು. ವೈರುಗಳೆಲ್ಲ ಗೋಡೆಯೊಳಗಿನಿಂದ ಮೆಟ್ಟಿಲ ಕೆಳಗಿನ ಕಪಾಟಿಗೆ ಬರುತ್ತವೆ. ಊಟದ ಕೋಣೆಯ ಗೋಡೆಯ ಮೇಲೆ ಧ್ವನಿ ಏರಿಳಿಸುವ ಒಂದು ನಾಬ್ ಇದೆ. ಕಪಾಟಿನಲ್ಲಿರುವ ಆಂಪ್ಲಿಫೈಯರ್ ಮತ್ತು ಸಿ.ಡಿ. ಪ್ಲೇಯರ್ ವರ್ಷಗಳಿಂದ ಸುಮ್ಮನಿದ್ದವು. ಈಚೆಗೆ ಹಾಕಿ ನೋಡಿದರೆ ಎಡಗಡೆ ಶಬ್ದವೇ ಇಲ್ಲ, ಬಲಗಡೆ ಸ್ವಲ್ಪ ಕರಕರ. ತಾಯಿಗೆ ಬೆಳಗ್ಗೆ ಆಕಾಶವಾಣಿ ಮತ್ತು ದೇವರನಾಮ ಬೇಕು, ಮಕ್ಕಳಿಗೆ ಫೋನಿನಿಂದ ಹಾಡು ಹಾಕುವಂತಿರಬೇಕು. ಅಂಗಡಿಯವರು, "ಇವು ಹಳೇ ಕಾಲದ ಸ್ಪೀಕರ್, ಸ್ಟ್ರೀಮಿಂಗ್‌ಗೆ ಆಗುವುದಿಲ್ಲ, ಎಲ್ಲ ತೆಗೆದು ಬ್ಲೂಟೂತ್ ಸೀಲಿಂಗ್ ಸ್ಪೀಕರ್ ಹಾಕಿಸಿ" ಎನ್ನುತ್ತಾರೆ. ನಮ್ಮ ಬಂಧುವೊಬ್ಬರು, ಚಿಕ್ಕದೊಂದು ಬ್ಲೂಟೂತ್ ಆಂಪ್ಲಿಫೈಯರ್ ಬೋರ್ಡ್ ತಂದು ಜೋಡಿಸಿದರೆ ಸಾಕು ಎನ್ನುತ್ತಾರೆ. ಸೀಲಿಂಗ್ ಒಡೆಸದೆ ದಾರಿ ಇದೆಯೇ?

ಉತ್ತರ: ದಾರಿ ಇದೆ, ಮತ್ತು ಹೆಚ್ಚಿನ ಮನೆಗಳಲ್ಲಿ ಸೀಲಿಂಗ್‌ಗೆ ಕೈಹಾಕುವ ಅಗತ್ಯವೇ ಬರುವುದಿಲ್ಲ. ನಿಮ್ಮ ಪತ್ರವನ್ನು ಓದಿದಾಗ ನಿಮ್ಮ ನಿಜವಾದ ಚಿಂತೆ ಖರ್ಚಿಗಿಂತ ಹೆಚ್ಚಾಗಿ, ಗೋಡೆಯೊಳಗೆ ಮತ್ತು ಚಾವಣಿಯ ಮೇಲೆ ಏನಿದೆ ಎಂಬುದು ಈಗ ಯಾರಿಗೂ ನೆನಪಿಲ್ಲದಿರುವುದು ಎಂದು ನನಗೆ ಅನ್ನಿಸಿತು. ಅಂಗಡಿಯವರ ಸಲಹೆಯಾಗಲಿ ಬಂಧುಗಳ ಸಲಹೆಯಾಗಲಿ ಅದನ್ನು ನೋಡದೆಯೇ ಕೊಟ್ಟದ್ದು. ಆದ್ದರಿಂದ ಯಾವ ಪೆಟ್ಟಿಗೆ ಕೊಳ್ಳಬೇಕು ಎಂಬುದಕ್ಕಿಂತ ಮೊದಲು, ಇರುವುದನ್ನು ಅಳೆದು ತಿಳಿದುಕೊಳ್ಳುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸ್ಪೀಕರ್ ಎಂಬುದು ಒಂದು ಅಯಸ್ಕಾಂತ, ಒಂದು ತಾಮ್ರದ ಸುರುಳಿ ಮತ್ತು ಅದಕ್ಕೆ ಅಂಟಿಕೊಂಡ ಒಂದು ಕೋನ್, ಇಷ್ಟೇ. ಸುರುಳಿಗೆ ಬರುವ ವಿದ್ಯುತ್ತು ಸಿ.ಡಿ.ಯಿಂದ ಹುಟ್ಟಿತೋ ಫೋನಿನಿಂದ ಹುಟ್ಟಿತೋ ಎಂಬುದು ಅದಕ್ಕೆ ತಿಳಿಯುವುದೂ ಇಲ್ಲ, ತಿಳಿಯಬೇಕಾಗಿಯೂ ಇಲ್ಲ. ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್ಟಿನಿಂದಲೋ ಫೋನಿನಿಂದಲೋ ಹಾಡು ತರಿಸಿಕೊಳ್ಳುವುದು, ಎಲ್ಲವೂ ಆಂಪ್ಲಿಫೈಯರಿನ ಆಚೆ ಬದಿಯಲ್ಲಿ, ಅಂದರೆ ನಿಮ್ಮ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮುಗಿದುಹೋಗುವ ಕೆಲಸ. "ಹಳೇ ಸ್ಪೀಕರ್‌ಗೆ ಸ್ಟ್ರೀಮಿಂಗ್ ಆಗುವುದಿಲ್ಲ" ಎಂಬ ಮಾತಿಗೆ ಆಧಾರವಿಲ್ಲ. ಆದರೆ ಸ್ಪೀಕರ್‌ಗೂ ವಯಸ್ಸಾಗುತ್ತದೆ ಎಂಬ ಮಟ್ಟಿಗೆ ಅಂಗಡಿಯವರ ಮಾತಿನಲ್ಲಿ ಸತ್ಯವಿದೆ. ಕೋನಿನ ಅಂಚಿಗೆ ಸುತ್ತಲೂ ಇರುವ ಮೆತ್ತನೆಯ ಬಳೆ ಫೋಮ್‌ನದಾಗಿದ್ದರೆ, ಹತ್ತು ಹದಿನೈದು ವರ್ಷಗಳಲ್ಲಿ ಅದು ಪುಡಿಯಾಗಿ ಉದುರತೊಡಗುತ್ತದೆ. ಮಂಗಳೂರು, ಉಡುಪಿಯಂತಹ ತೇವದ ಹವೆಯಲ್ಲಿ ಇನ್ನೂ ಬೇಗ. ರಬ್ಬರಿನ ಬಳೆಯಾಗಿದ್ದರೆ ಬಹುಕಾಲ ಬಾಳುತ್ತದೆ. ಜಾಲರಿಯನ್ನು ತುದಿ ಬಗ್ಗಿಸಿದ ಪೇಪರ್ ಕ್ಲಿಪ್‌ನಿಂದ ಮೆಲ್ಲನೆ ಎಳೆದರೆ ಅದು ಕೈಗೆ ಬರುತ್ತದೆ. ಬಣ್ಣ ಬಳಿಯುವಾಗ ಅಂಚು ಅಂಟಿಕೊಂಡಿದ್ದರೆ ಮೊದಲು ಬ್ಲೇಡಿನಿಂದ ಸುತ್ತಲೂ ಒಂದು ಗೀರು ಹಾಕಿ, ಇಲ್ಲವಾದರೆ ಜಿಪ್ಸಮ್‌ನ ಅಂಚು ಕಿತ್ತುಬರುತ್ತದೆ. ಬಳೆಯನ್ನು ಬೆರಳ ತುದಿಯಿಂದ ಮುಟ್ಟಿದಾಗ ಅಂಟಂಟಾಗಿ ಪುಡಿ ಹತ್ತಿದರೆ ಆ ಸ್ಪೀಕರಿನ ಆಯುಸ್ಸು ಮುಗಿದಿದೆ ಎಂದೇ ಅರ್ಥ. ಆಗಲೂ ಅದೇ ಅಳತೆಯ ತೂತಿಗೆ ಹೊಂದುವ ಹೊಸ ಸ್ಪೀಕರನ್ನು ಕೆಳಗಿನಿಂದಲೇ ಕೂರಿಸಬಹುದು. ಇವು ಸಾಮಾನ್ಯವಾಗಿ ಕೆಲವೇ ತಿರುಪುಗಳ ಹಿಡಿತದಲ್ಲಿ ನಿಂತಿರುತ್ತವೆಯಾದ್ದರಿಂದ ಒಡೆಯುವ ಪ್ರಶ್ನೆ ಬರುವುದಿಲ್ಲ. ತೂತಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಅಂಗಡಿಗೆ ಹೋದರಾಯಿತು.

ಎಡಗಡೆ ಶಬ್ದವಿಲ್ಲ ಎಂದಿದ್ದೀರಿ. ಅದು ಸ್ಪೀಕರಿನ ತಪ್ಪೋ ಆಂಪ್ಲಿಫೈಯರಿನದೋ ಎಂದು ತಿಳಿಯಲು ಯಾವ ಉಪಕರಣವೂ ಬೇಕಿಲ್ಲ. ಆಂಪ್ಲಿಫೈಯರನ್ನು ಆರಿಸಿ, ಪ್ಲಗ್ ಕಿತ್ತು, ಹಿಂಬದಿಯಲ್ಲಿ ಎಡ ಮತ್ತು ಬಲದ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಹಾಕಿ ನೋಡಿ. ಈಗ ಎಡಗಡೆ ಹಾಡಿ ಬಲಗಡೆ ಸುಮ್ಮನಾದರೆ ಸ್ಪೀಕರ್‌ಗಳೂ ವೈರುಗಳೂ ಸರಿಯಾಗಿವೆ, ಕೆಟ್ಟಿರುವುದು ಆಂಪ್ಲಿಫೈಯರಿನ ಒಂದು ಚಾನೆಲ್ (ಎಡದ ಅಥವಾ ಬಲದ ಶಬ್ದ ಹೊರಡುವ ಭಾಗ) ಅಥವಾ ಅದಕ್ಕೆ ಬರುವ ಸಿ.ಡಿ. ಪ್ಲೇಯರಿನ ತಂತಿ. ಎರಡು ಸ್ಪೀಕರ್‌ಗಳು ಒಟ್ಟಿಗೆ ಸತ್ತಿರುವುದು ಅಪರೂಪವಾದ್ದರಿಂದ ನನ್ನ ಊಹೆ ಈ ಕಡೆಗೇ ವಾಲುತ್ತದೆ. ಕರಕರ ಎನ್ನುವುದಕ್ಕೂ ಬಹಳ ಸಲ ಕಾರಣ ವರ್ಷಗಟ್ಟಲೆ ತಿರುಗಿಸದೆ ಧೂಳು ಕಟ್ಟಿದ ವಾಲ್ಯೂಮ್ ನಾಬ್ ಆಗಿರುತ್ತದೆ.

ಮುಂದಿನ ಹೆಜ್ಜೆಗೆ ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಬೇಕು, ಮತ್ತು ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಆ ಕಾಲದಲ್ಲಿ ಸ್ಪೀಕರ್‌ಗೆಂದು ಬೇರೆ ವೈರ್ ತರಿಸದೆ, ಮನೆಯ ವೈರಿಂಗ್‌ಗೆ ತಂದಿದ್ದ 1 ಚದರ ಮಿಲಿಮೀಟರಿನ ಕೆಂಪು ಕಪ್ಪು ವೈರನ್ನೇ ಎಳೆದುಬಿಡುವುದು ಸಾಮಾನ್ಯವಾಗಿತ್ತು. ಶಬ್ದದ ದೃಷ್ಟಿಯಿಂದ ಅದರಲ್ಲಿ ದೋಷವೇನಿಲ್ಲ: 20 ಮೀಟರ್ ದೂರಕ್ಕೆ ಹೋಗಿ ಬರುವ ಆ ವೈರಿನ ಪ್ರತಿರೋಧ ಸುಮಾರು 0.7 ಓಮ್, 8 ಓಮ್ ಸ್ಪೀಕರಿಗೆ ಅದು ಅಡ್ಡಿಯಲ್ಲ. ತೊಂದರೆ ಏನೆಂದರೆ, ದೀಪದ ವೈರಿಗೂ ಸ್ಪೀಕರ್ ವೈರಿಗೂ ನೋಟದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಆದ್ದರಿಂದ ಕಪಾಟಿನಲ್ಲಿ ಜೋತುಬಿದ್ದಿರುವ ಯಾವುದೇ ತುದಿಯನ್ನು ಮುಟ್ಟುವ ಮೊದಲು ಮೀಟರನ್ನು ಎ.ಸಿ. ವೋಲ್ಟ್‌ಗೆ ಇಟ್ಟು, ಅದರಲ್ಲಿ 230 ವೋಲ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಜಾಲರಿ ತೆಗೆದು ಸ್ಪೀಕರ್ ಬಿಚ್ಚುವಾಗಲೂ ಆ ಕೋಣೆಯ ದೀಪಗಳ ಎಂ.ಸಿ.ಬಿ.ಯನ್ನು ಇಳಿಸಿಬಿಡಿ. ಅಭ್ಯಾಸವಿಲ್ಲದಿದ್ದರೆ ಈ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ಸರಿ.

ಅದಾದ ಮೇಲೆ ಆಂಪ್ಲಿಫೈಯರಿನಿಂದ ಎಲ್ಲ ವೈರುಗಳನ್ನೂ ಬಿಡಿಸಿ, ಮೀಟರನ್ನು 200 ಓಮ್ ಮಟ್ಟಕ್ಕೆ ಇಟ್ಟು ಒಂದೊಂದೇ ಜೋಡಿಯನ್ನು ಅಳೆದು, ಕಾಗದದ ಚೀಟಿ ಅಂಟಿಸುತ್ತ ಹೋಗಿ. 6ರಿಂದ 7 ಓಮ್ ಸುಮಾರು ಬಂದರೆ ಅದು ಒಂದು 8 ಓಮ್ ಸ್ಪೀಕರ್. ಮೀಟರ್ ತೋರಿಸುವುದು ಸುರುಳಿಯ ನೇರ ಪ್ರತಿರೋಧವನ್ನು, ಅದು ಸ್ಪೀಕರಿನ ಮೇಲೆ ಬರೆದ ಇಂಪಿಡೆನ್ಸ್‌ಗಿಂತ (ಹಾಡುವಾಗ ಅದು ಒಡ್ಡುವ ಒಟ್ಟು ತಡೆಗಿಂತ) ಯಾವಾಗಲೂ ಸ್ವಲ್ಪ ಕಡಿಮೆ ಇರುತ್ತದೆ. 3ರಿಂದ 3.5 ಬಂದರೆ ಒಂದು 4 ಓಮ್ ಸ್ಪೀಕರ್ ಅಥವಾ ಪ್ಯಾರಲಲ್ ಆಗಿ, ಅಂದರೆ ಒಂದೇ ಜೋಡಿ ತುದಿಗಳಿಗೆ ಅಕ್ಕಪಕ್ಕ, ಜೋಡಿಸಿದ ಎರಡು 8 ಓಮ್ ಸ್ಪೀಕರ್‌ಗಳು. 12ರಿಂದ 14 ಬಂದರೆ ಎರಡು ಸ್ಪೀಕರ್‌ಗಳು ಸೀರೀಸ್‌ನಲ್ಲಿ, ಅಂದರೆ ಒಂದರ ನಂತರ ಒಂದಾಗಿ, ಇವೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ವೈರುಗಳು ತಾಕುತ್ತಿವೆ. ಸರಿಪಡಿಸದೆ ಆಂಪ್ಲಿಫೈಯರ್ ಜೋಡಿಸಬೇಡಿ. ಊಟದ ಕೋಣೆಯ ಜೋಡಿಯನ್ನು ಮಾತ್ರ ಕಪಾಟಿನಿಂದ ಅಳೆದು ನಂಬಬೇಡಿ. ಅಂತಹ ನಾಬ್‌ನ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಮೀಟರ್ ಅದರ ಸುರುಳಿಯನ್ನು ಅಳೆಯುತ್ತದೆಯೇ ಹೊರತು ಸ್ಪೀಕರನ್ನಲ್ಲ. ನಾಬ್‌ನ ಪ್ಲೇಟ್ ಬಿಚ್ಚಿ, ಸ್ಪೀಕರ್‌ಗೆ ಹೋಗುವ ವೈರನ್ನು ಬಿಡಿಸಿ ಅಳೆಯಬೇಕು.

ಎಲ್ಲ ಕಡೆಯೂ ಹತ್ತಾರು ಅಥವಾ ನೂರಾರು ಓಮ್ ತೋರಿಸಿದರೆ ಲೆಕ್ಕವೇ ಬದಲಾಗುತ್ತದೆ. ಆಗ ನಿಮ್ಮದು ಹೋಟೆಲು, ಶಾಲೆ, ಆಸ್ಪತ್ರೆಗಳಲ್ಲಿ ಬಳಸುವ 100 ವೋಲ್ಟ್ ಲೈನಿನ ಸ್ಪೀಕರ್ ಆಗಿರುವ ಸಾಧ್ಯತೆಯೇ ಹೆಚ್ಚು, ಅಂದರೆ ಪ್ರತಿಯೊಂದರ ಬೆನ್ನಿಗೂ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಹುಜಾದಂತಹ ಕಂಪನಿಗಳ ಸೀಲಿಂಗ್ ಸ್ಪೀಕರ್‌ಗಳು ಸುಲಭವಾಗಿ ಸಿಗುತ್ತಿದ್ದುದರಿಂದ ಮನೆಗಳಿಗೂ ಅವು ಬಂದಿವೆ. 10 ವ್ಯಾಟ್‌ಗೆ ಇಟ್ಟ ಅಂತಹ ಒಂದು ಸ್ಪೀಕರ್ ಆಂಪ್ಲಿಫೈಯರಿಗೆ 1,000 ಓಮ್‌ನಂತೆ ಕಾಣುತ್ತದೆ, ಹಾಗಾಗಿ ಮನೆಬಳಕೆಯ ಸ್ಟ್ರೀಮಿಂಗ್ ಆಂಪ್ಲಿಫೈಯರಿಗೆ ಜೋಡಿಸಿದರೆ ಹಾಳಾಗುವುದೇನೂ ಇಲ್ಲದಿದ್ದರೂ ಶಬ್ದ ಪಿಸುಮಾತಿನಷ್ಟು ಬರುತ್ತದೆ. ಅಪಾಯವಿರುವುದು ತಿರುವುಮುರುವಿನಲ್ಲಿ: ಸಾದಾ 8 ಓಮ್ ಸ್ಪೀಕರನ್ನು 100 ವೋಲ್ಟ್ ತುದಿಗೆ ಸಿಕ್ಕಿಸಿದರೆ ಸುರುಳಿ ಸುಟ್ಟುಹೋಗುತ್ತದೆ, ಆಂಪ್ಲಿಫೈಯರೂ ಉಳಿಯುವುದು ಕಷ್ಟ. ನಿಮ್ಮದು 100 ವೋಲ್ಟ್ ಲೈನೇ ಎಂದಾದರೆ, ಅದಕ್ಕೆ ಹೊಂದುವ ಆಂಪ್ಲಿಫೈಯರನ್ನೇ ಇಟ್ಟುಕೊಂಡು ಅದರ ಆಕ್ಸ್ ತೂತಿಗೆ (ಹೊರಗಿನ ಉಪಕರಣದ ಶಬ್ದ ಒಳತರುವ ತೂತು) ಒಂದು ಸ್ಟ್ರೀಮರ್, ಅಂದರೆ ಇಂಟರ್ನೆಟ್ಟಿನಿಂದ ಹಾಡು ತರಿಸುವ ಪೆಟ್ಟಿಗೆ, ಜೋಡಿಸಿ. ಆಕಾಶವಾಣಿಗೂ ದೇವರನಾಮಕ್ಕೂ ಅದು ಚೆನ್ನಾಗಿಯೇ ಕೇಳುತ್ತದೆ, ಆದರೆ ಆ ಸಣ್ಣ ಟ್ರಾನ್ಸ್‌ಫಾರ್ಮರುಗಳು ಮೃದಂಗದ ಎಡಬದಿಯ ತಗ್ಗು ನಾದವನ್ನು ಪೂರ್ತಿಯಾಗಿ ದಾಟಿಸಲಾರವು.

ಅಳತೆ ಸರಿ ಬಂದ ಸ್ಪೀಕರ್‌ಗಳಿಗೆ 1.5 ವೋಲ್ಟ್‌ನ ಒಂದು ಪೆನ್‌ಸೆಲ್ಲನ್ನು ಅರೆಕ್ಷಣ ತಾಗಿಸಿ, ಇನ್ನೊಬ್ಬರನ್ನು ಸ್ಪೀಕರಿನ ಕೆಳಗೆ ನಿಲ್ಲಿಸಿ ನೋಡಿ. ಟಪ್ ಎಂದು ಕೋನ್ ಕೆಳಮುಖವಾಗಿ ಹೊರಗೆ ಬಂದರೆ ಸೆಲ್ಲಿನ ಪಾಸಿಟಿವ್ ತಾಗಿದ ವೈರೇ ಸ್ಪೀಕರಿನ ಪಾಸಿಟಿವ್. ಆರಕ್ಕೂ ಹೀಗೆ ಗುರುತು ಹಾಕಿ. ಒಂದೇ ಹಾಲ್‌ನಲ್ಲಿ ಒಂದು ಸ್ಪೀಕರ್ ಉಲ್ಟಾ ಜೋಡಣೆಯಾಗಿದ್ದರೆ ಒಂದರ ಕೋನ್ ತಳ್ಳುವಾಗ ಇನ್ನೊಂದರದು ಎಳೆಯುತ್ತದೆ, ತಗ್ಗು ನಾದಗಳು ನಡುವೆಯೇ ಕಳೆದುಹೋಗಿ ಹಾಡು ತೆಳ್ಳಗೆ ಕೇಳಿಸುತ್ತದೆ. "ಹಳೇ ಸ್ಪೀಕರ್, ಅದಕ್ಕೇ ಹೀಗೆ" ಎಂದು ಜನ ಬೇಸರಪಡುವ ಎಷ್ಟೋ ಮನೆಗಳಲ್ಲಿ ನಾನು ಕಂಡ ದೋಷ ಇಷ್ಟೇ. ಮೀಟರೂ ಸೆಲ್ಲೂ ದೊಡ್ಡ ಕೋನನ್ನು ಮಾತ್ರ ಪರೀಕ್ಷಿಸುತ್ತವೆ ಎಂಬುದು ನೆನಪಿರಲಿ, ಏಕೆಂದರೆ ಎತ್ತರದ ನಾದ ನುಡಿಸುವ ನಡುವಿನ ಪುಟ್ಟ ಟ್ವೀಟರಿಗೆ, ಮೀಟರು ಸೆಲ್ಲುಗಳ ನೇರ ವಿದ್ಯುತ್ತನ್ನು ತಡೆಯುವ ಕೆಪಾಸಿಟರ್ ಅಡ್ಡವಿರುತ್ತದೆ. ಅದು ಜೀವಂತವಾಗಿದೆಯೇ ಎಂಬುದನ್ನು ಹಾಡು ಹಾಕಿ, ತಾಳದ ಕಿಣಿಕಿಣಿಯೂ ಮಾತಿನ ಸಕಾರಗಳೂ ಸ್ಪಷ್ಟವಾಗಿವೆಯೇ ಎಂದು ಕಿವಿಗೊಟ್ಟು ಕೇಳಿಯೇ ತಿಳಿಯಬೇಕು.

ಈಗ ನಿಮ್ಮ ಆರು ಸ್ಪೀಕರ್‌ಗಳೂ ಸಾದಾ 8 ಓಮ್‌ನವು ಎಂದಿಟ್ಟುಕೊಳ್ಳೋಣ. ಹಾಲ್‌ನ ನಾಲ್ಕನ್ನು ಎಡಕ್ಕೆ ಎರಡು, ಬಲಕ್ಕೆ ಎರಡು ಎಂದು ಪ್ಯಾರಲಲ್ ಆಗಿ ಜೋಡಿಸಿದರೆ ಪ್ರತಿ ಚಾನೆಲ್ಲಿಗೆ 4 ಓಮ್ ಆಗುತ್ತದೆ. ಇಂದಿನ ಬಹುಪಾಲು ಸ್ಟ್ರೀಮಿಂಗ್ ಆಂಪ್ಲಿಫೈಯರುಗಳು ಇದನ್ನು ನಿರಾಯಾಸವಾಗಿ ನಡೆಸುತ್ತವೆ. ಅದೇ ತುದಿಗೆ ಊಟದ ಕೋಣೆಯ ಜೋಡಿಯನ್ನೂ ಸೇರಿಸಿದರೆ ಪ್ರತಿ ಚಾನೆಲ್ಲಿಗೆ ಮೂರು ಸ್ಪೀಕರ್, ಅಂದರೆ 2.7 ಓಮ್ ಸುಮಾರು. ಮೆಲ್ಲಗೆ ಹಾಡುವಾಗ ಏನೂ ಆಗದಿರಬಹುದು, ಆದರೆ ಹಬ್ಬದ ದಿನ ನೆಂಟರೆದುರು ಧ್ವನಿ ಏರಿಸಿದಾಗ ಆಂಪ್ಲಿಫೈಯರ್ ಬಿಸಿಯಾಗಿ ತಾನಾಗಿಯೇ ಆರಿಕೊಳ್ಳುತ್ತದೆ, ರಕ್ಷಣೆಯಿಲ್ಲದ ಅಗ್ಗದ ಬೋರ್ಡ್ ಆಗಿದ್ದರೆ ಸುಟ್ಟೇ ಹೋಗುತ್ತದೆ. ಗೋಡೆಯ ನಾಬ್ ಇಂಪಿಡೆನ್ಸ್ ಹೊಂದಿಸುವ ಬಗೆಯದಾಗಿದ್ದು, ಅದರ ಹಿಂದೆ ಓಮನ್ನು ಎರಡು, ನಾಲ್ಕು, ಎಂಟು ಪಟ್ಟು ತೋರಿಸುವ ಜಂಪರುಗಳಿದ್ದರೂ (ಜಾಗ ಬದಲಿಸಬಹುದಾದ ಪುಟ್ಟ ಕೊಂಡಿಗಳು) ನಿಮ್ಮ ಲೆಕ್ಕ 4 ಓಮ್‌ಗಿಂತ ಮೇಲೇರುವುದಿಲ್ಲ, ಏಕೆಂದರೆ ಹಾಲ್ ಒಂದೇ ಆಗಲೇ 4ಕ್ಕೆ ಇಳಿದಿರುತ್ತದೆ. ಊಟದ ಕೋಣೆಗೆ ಬೇರೆಯದೇ ಒಂದು ಚಿಕ್ಕ ಆಂಪ್ಲಿಫೈಯರ್ ಇಡುವುದು ಒಳ್ಳೆಯದೆಂದು ನಾನು ಹೇಳುವುದು ಈ ಕಾರಣಕ್ಕೆ. ಆಗ ಆ ಹಳೆಯ ನಾಬನ್ನು ಪೂರ್ತಿ ತಿರುಗಿಸಿಡಬಹುದು ಅಥವಾ ತೆಗೆದೇಬಿಡಬಹುದು.

ಇಲ್ಲಿಯೇ ಒಂದು ಸಂಗತಿ ಇದೆ, ಅನುಭವಿ ಎಲೆಕ್ಟ್ರಿಷಿಯನ್ನರೂ ಇದರಲ್ಲಿ ಎಡವುತ್ತಾರೆ. ಹಿಂದಿನ ಕಾಲದ ಬಹಳಷ್ಟು ಆಂಪ್ಲಿಫೈಯರುಗಳಲ್ಲಿ ಎಡ ಬಲ ಎರಡರ ನೆಗೆಟಿವ್ ತುದಿಗಳೂ ಒಳಗೆ ಒಂದೇ ಆಗಿರುತ್ತಿದ್ದವು. ಹಾಗಾಗಿ ಒಂದು ವೈರ್ ಉಳಿಸಲೆಂದು ಎರಡು ಸ್ಪೀಕರ್‌ಗಳಿಗೆ ಮೂರೇ ತಂತಿ ಎಳೆದು, ನೆಗೆಟಿವ್ ಒಂದನ್ನೇ ಹಂಚಿಕೊಟ್ಟರೂ ಹಾಡು ಚೆನ್ನಾಗಿಯೇ ಬರುತ್ತಿತ್ತು; ಕೆಲವು ಗೋಡೆಯ ನಾಬ್‌ಗಳೂ ಸೆಲೆಕ್ಟರ್ ಪೆಟ್ಟಿಗೆಗಳೂ ಇದೇ ಕ್ರಮದಲ್ಲಿವೆ. ಈಗಿನ ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಬ್ರಿಡ್ಜ್ ಕ್ರಮದವು. ಅವುಗಳ ನೆಗೆಟಿವ್ ತುದಿಯೂ ಸುಮ್ಮನೆ ಕೂರುವುದಿಲ್ಲ, ಪಾಸಿಟಿವ್‌ನಷ್ಟೇ ಕೆಲಸ ಮಾಡುತ್ತದೆ. ಎಡ ಬಲದ ನೆಗೆಟಿವ್‌ಗಳನ್ನು ಒಂದಕ್ಕೊಂದು ತಾಗಿಸಿದರೆ ಎರಡು ಚಾನೆಲ್‌ಗಳು ನೇರವಾಗಿ ಶಾರ್ಟ್ ಆದಂತೆಯೇ. ಹೊಸ ಆಂಪ್ಲಿಫೈಯರ್ ಜೋಡಿಸಿದ ಕೂಡಲೇ ಆರಿಹೋಗುತ್ತಿದೆ, "ಪೀಸ್ ಡಿಫೆಕ್ಟ್" ಎಂದು ಜನ ಅಂಗಡಿಗೆ ಮರಳಿಸುವ ಪ್ರಕರಣಗಳಲ್ಲಿ ಇದೂ ಒಂದು ಕಾರಣ. ನಿಮ್ಮ ಕಪಾಟಿನಲ್ಲಿ ಆಂಪ್ಲಿಫೈಯರಿನಿಂದ ಬಿಡಿಸಿದ ವೈರುಗಳ ನಡುವೆ, ಎಡದ ನೆಗೆಟಿವ್‌ಗೂ ಬಲದ ನೆಗೆಟಿವ್‌ಗೂ ಬೀಪ್ ಮಾಡುವ ಮಟ್ಟಕ್ಕೆ ತಿರುಗಿಸಿದ ಮೀಟರಿನ ಎರಡು ಕಡ್ಡಿ ಇಟ್ಟು ನೋಡಿ. ಬೀಪ್ ಬಂದರೆ ಅವು ಎಲ್ಲೋ ಸೇರಿವೆ. ನಾಬ್‌ನಲ್ಲಿ ಸೇರಿದ್ದರೆ ಅದನ್ನು ತೆಗೆದು ನೇರ ಮಾಡಿದರೆ ಮುಗಿಯಿತು. ಗೋಡೆಯೊಳಗೇ ಮೂರು ತಂತಿಯಿದ್ದರೆ ಆ ಎರಡು ಸ್ಪೀಕರ್‌ಗಳನ್ನೂ ಒಂದೇ ಚಾನೆಲ್ಲಿಗೆ ಕೊಟ್ಟು ಮೋನೋ ಆಗಿ, ಅಂದರೆ ಎಡ ಬಲ ಬೆರೆತ ಒಂದೇ ಶಬ್ದವಾಗಿ, ಕೇಳುವುದು ಸರಿಯಾದ ಉಪಾಯ. ಊಟದ ಕೋಣೆಯಲ್ಲಿ ಎಡ ಬಲವೆಂಬ ಭೇದದಿಂದ ಅಂತಹ ಲಾಭವೂ ಇಲ್ಲ, ಮೇಜಿನ ಈ ತುದಿಯಲ್ಲಿ ಕೂತವರಿಗೆ ವೀಣೆ ಮಾತ್ರ, ಆ ತುದಿಯವರಿಗೆ ಮೃದಂಗ ಮಾತ್ರ ಕೇಳಿಸುವುದಕ್ಕಿಂತ ಎಲ್ಲರಿಗೂ ಎಲ್ಲವೂ ಕೇಳಿಸುವುದು ಮೇಲು. ಹೊಸ ಸ್ಟ್ರೀಮರುಗಳಲ್ಲಿ ಹಲವಕ್ಕೆ ಆ್ಯಪ್‌ನಲ್ಲಿಯೇ ಮೋನೋ ಮಾಡುವ ಸೌಲಭ್ಯವಿದೆ.

ಇನ್ನು ಪೆಟ್ಟಿಗೆಯ ವಿಚಾರ. ವೈರು ಬದಲಿಸಿದ ಪರೀಕ್ಷೆಯಲ್ಲಿ ನಿಮ್ಮ ಆಂಪ್ಲಿಫೈಯರ್ ಸರಿಯಿದೆ ಎಂದು ತಿಳಿದರೆ, ಅತಿ ಕಡಿಮೆ ಖರ್ಚಿನ ದಾರಿ ಅದರ ಆಕ್ಸ್ ತೂತಿಗೆ ಒಂದು ವೈ-ಫೈ ಸ್ಟ್ರೀಮರ್ ಅಥವಾ ಬ್ಲೂಟೂತ್ ರಿಸೀವರ್ ಸಿಕ್ಕಿಸುವುದು. ಅಮೆಜಾನ್‌ನ ಪುಟ್ಟ ಸ್ಮಾರ್ಟ್ ಸ್ಪೀಕರ್ ಎಕೋ ಡಾಟ್ ಬಳಸುವ ಯೋಚನೆಯಿದ್ದರೆ ಗಮನಿಸಿ: ಐದನೆಯ ಪೀಳಿಗೆಯ ಡಾಟ್‌ನಲ್ಲಿ ಶಬ್ದ ಹೊರಗೆ ಕೊಡುವ 3.5 ಮಿ.ಮೀ. ತೂತನ್ನು ತೆಗೆದುಹಾಕಿದ್ದಾರೆ, ಅದಕ್ಕೂ ಹಿಂದಿನವುಗಳಲ್ಲಿ ಇತ್ತು. ಈ ದಾರಿಯ ಕೊರತೆ ಎಂದರೆ ತಾಯಿಯವರು ಬೆಳಗ್ಗೆ ಎರಡೆರಡು ಪೆಟ್ಟಿಗೆಗಳನ್ನು ಹಚ್ಚಬೇಕಾಗುತ್ತದೆ.

ಆಂಪ್ಲಿಫೈಯರ್ ಕೆಟ್ಟಿದ್ದರೆ ಸ್ಟ್ರೀಮರ್ ಮತ್ತು ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಪೆಟ್ಟಿಗೆ ನಿಮ್ಮ ಮನೆಗೆ ಸರಿಹೊಂದುತ್ತದೆ. ಇಂತಹ ಪೆಟ್ಟಿಗೆಗಳಲ್ಲಿ ವೀಮ್ ಆಂಪ್ 8 ಓಮ್‌ಗೆ ಪ್ರತಿ ಚಾನೆಲ್ಲಿಗೆ 60 ವ್ಯಾಟ್, 4 ಓಮ್‌ಗೆ 120 ವ್ಯಾಟ್ ಕೊಡುತ್ತದೆ. ಸೋನೋಸ್ ಆಂಪ್ 8 ಓಮ್‌ಗೆ 125 ವ್ಯಾಟ್. ವ್ಯಾಟ್‌ನ ಬೆನ್ನುಹತ್ತಬೇಡಿ ಎಂದು ಇಲ್ಲಿ ಹೇಳಲೇಬೇಕು. ಸಾಧಾರಣ ಸೀಲಿಂಗ್ ಸ್ಪೀಕರ್ 1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್‌ನ ಆಸುಪಾಸು ಶಬ್ದ ಕೊಡುತ್ತದೆ, ಕುಳಿತವರ ಕಿವಿ ಅಲ್ಲಿಂದ ಎರಡು ಮೀಟರ್ ಕೆಳಗಿದ್ದರೂ 82 ಡೆಸಿಬೆಲ್ ತಲುಪುತ್ತದೆ. ಅದು ಆಗಲೇ ಮಾತಿಗೆ ಅಡ್ಡಿಯಾಗುವಷ್ಟು ಜೋರು. ವ್ಯಾಟ್ ಎರಡು ಪಟ್ಟಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ವ್ಯಾಟ್‌ಗಿಂತ, 4 ಓಮ್ ತಡೆಯುತ್ತದೆಯೇ, ಹಿಂಬದಿಯಲ್ಲಿ ಲ್ಯಾನ್ ತೂತಿದೆಯೇ ಎಂದು ಕೇಳಿ. ಮೆಟ್ಟಿಲ ಕೆಳಗಿನ ಕಾಂಕ್ರೀಟಿನ ಗೂಡಿನೊಳಗೆ ವೈ-ಫೈ ಸಿಗ್ನಲ್ ಕುಗ್ಗುತ್ತದೆ, ರೌಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆದರೆ ಹಾಡು ನಡುನಡುವೆ ನಿಲ್ಲುವ ಕಾಟವಿರುವುದಿಲ್ಲ. ಕಪಾಟಿನ ಬಾಗಿಲಿಗೆ ಗಾಳಿ ಆಡಲು ತೂತುಗಳೂ ಬೇಕು.

ಬಂಧುಗಳು ಹೇಳಿದ ಚಿಕ್ಕ ಬೋರ್ಡುಗಳನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಟಿ.ಪಿ.ಎ. 3116 ಚಿಪ್ಪಿನ ಬೋರ್ಡುಗಳು ಊಟದ ಕೋಣೆಯ ಎರಡು ಸ್ಪೀಕರ್‌ಗಳಿಗೆ ಧಾರಾಳವಾಗಿ ಸಾಕು. ಅಪಾಯವಿರುವುದು ಅದರ ಜೊತೆ ಕೊಡುವ 24 ವೋಲ್ಟ್ ಅಡಾಪ್ಟರಿನಲ್ಲಿ, ಭಾರತೀಯ ಮಾನಕ ಬ್ಯೂರೋದ (ಬಿ.ಐ.ಎಸ್.) ನೋಂದಣಿ ಗುರುತಿರುವ ಅಡಾಪ್ಟರನ್ನೇ ಕೊಳ್ಳಿ, ಬೋರ್ಡನ್ನು ಲೋಹದ ಡಬ್ಬಿಯಲ್ಲಿ ಕೂರಿಸಿ, ನೆಗೆಟಿವ್‌ಗಳ ಬಗ್ಗೆ ಮೇಲೆ ಹೇಳಿದ್ದನ್ನು ಮರೆಯಬೇಡಿ.

ಬ್ಲೂಟೂತ್ ಮಾತ್ರ ಇರುವ ಪೆಟ್ಟಿಗೆಯನ್ನು ಹಾಲ್‌ಗೆ ಆರಿಸಬೇಡಿ ಎನ್ನುವೆ. ಬ್ಲೂಟೂತ್‌ನಲ್ಲಿ ಹಾಡು ಫೋನಿನ ಮೂಲಕವೇ ಹರಿಯುತ್ತದೆಯಾದ್ದರಿಂದ, ಕರೆ ಬಂದಾಗ ನಿಲ್ಲುತ್ತದೆ, ಫೋನ್ ಹಿಡಿದು ಮಹಡಿಗೆ ಹೋದರೆ ಕಡಿಯುತ್ತದೆ. ವೈ-ಫೈ ಮೂಲಕ ಸ್ಪಾಟಿಫೈ ಕನೆಕ್ಟ್ ಅಥವಾ ಕ್ರೋಮ್‌ಕಾಸ್ಟ್ ಕ್ರಮದಲ್ಲಿ ಪೆಟ್ಟಿಗೆಯೇ ಇಂಟರ್ನೆಟ್ಟಿನಿಂದ ಹಾಡನ್ನು ಎಳೆದುಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಮಗ ಹಾಡು ಹಾಕಿಟ್ಟು ಫೋನ್ ತೆಗೆದುಕೊಂಡು ಕಾಲೇಜಿಗೆ ಹೋದರೂ ಅಜ್ಜಿಗೆ ಹಾಡು ನಿಲ್ಲುವುದಿಲ್ಲ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ನೇರವಾಗಿ ಸಿಗುತ್ತದೆ. ಆದರೆ ಅದನ್ನು ಫೋನಿನಿಂದ ಕಳಿಸಲು ಬ್ಲೂಟೂತ್ ಅಥವಾ, ಐಫೋನ್ ಆದರೆ, ಏರ್‌ಪ್ಲೇ ಬೇಕಾಗಬಹುದು. ಆದ್ದರಿಂದ ವೈ-ಫೈ, ಬ್ಲೂಟೂತ್ ಎರಡೂ ಇರುವುದನ್ನು ತೆಗೆದುಕೊಳ್ಳಿ. ಮನೆಯಲ್ಲಿ ಮೂಲೆಗೆ ಸರಿದಿರುವ ಹಳೆಯ ಫೋನೊಂದನ್ನು ಚಾರ್ಜರಿಗೆ ಹಾಕಿ ಕಪಾಟಿನ ಬಳಿಯೇ ಇಟ್ಟು, ಮುಖಪುಟದಲ್ಲಿ ತಾಯಿಯವರಿಗೆ ಬೇಕಾದ ಎರಡೇ ಗುಂಡಿಗಳನ್ನು ಉಳಿಸಿ ಕೊಟ್ಟರೆ ಅವರು ಯಾರನ್ನೂ ಕೇಳಬೇಕಾಗುವುದಿಲ್ಲ. ಇಂತಹ ಏರ್ಪಾಟನ್ನು ಹಿರಿಯರಿರುವ ಮನೆಗಳಲ್ಲಿ ನಾನು ಒತ್ತಾಯಪಡಿಸಿಯೇ ಮಾಡಿಸುತ್ತೇನೆ.

ಅಂಗಡಿಯವರು ಹೇಳಿದ ಬ್ಲೂಟೂತ್ ಸೀಲಿಂಗ್ ಸ್ಪೀಕರ್‌ಗಳಿಗೆ ನಾನು ಏಕೆ ಒಪ್ಪುವುದಿಲ್ಲ ಎಂದರೆ, ಅವುಗಳಲ್ಲಿ ಆಂಪ್ಲಿಫೈಯರ್ ಚಾವಣಿಯೊಳಗೇ ಇರುತ್ತದೆ ಮತ್ತು ಅದಕ್ಕೆ ಅಲ್ಲಿಗೇ ವಿದ್ಯುತ್ ಬೇಕು. ಕೆಲಸದವರು ಇರುವ ಸ್ಪೀಕರ್ ವೈರಿನಲ್ಲೇ 230 ವೋಲ್ಟ್ ಹರಿಸಿಬಿಡುವ ಸಂಭವವಿದೆ. ದಯವಿಟ್ಟು ಅದಕ್ಕೆ ಆಸ್ಪದ ಕೊಡಬೇಡಿ. ಆ ವೈರ್, ಅದರ ಜೋಡಣೆಗಳು, ಅದು ಹಾದುಹೋಗುವ ಪೈಪು ಯಾವುದೂ ಅದಕ್ಕೆಂದು ಹಾಕಿದ್ದಲ್ಲ. ಇನ್ನೊಂದು ಕಾರಣ ಆಯುಸ್ಸಿನದು. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಪುಟ್ಟ ಬಿಲ್ಲೆಯನ್ನು 2019ರ ಜನವರಿಯಲ್ಲಿ ನಿಲ್ಲಿಸಿಬಿಟ್ಟಿತು. 2025ರ ಮಾರ್ಚ್‌ನಲ್ಲಿ ಅದರೊಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು ಮನೆಮನೆಗಳಲ್ಲಿ ಅವು ಒಮ್ಮೆಗೇ ಕೆಲಸ ನಿಲ್ಲಿಸಿದವು, ಕಂಪನಿ ಅಪ್‌ಡೇಟ್ ಕಳಿಸಿದ ಮೇಲೆ ಮತ್ತೆ ನಡೆದವು. ಹದಿನೆಂಟು ವರ್ಷದ ನಿಮ್ಮ ಸ್ಪೀಕರ್ ಇನ್ನೂ ಹಾಡಬಲ್ಲದು, ಸ್ಟ್ರೀಮಿಂಗ್ ಪೆಟ್ಟಿಗೆ ಅಷ್ಟು ಕಾಲ ಬಾಳುವುದೆಂದು ಯಾರೂ ಮಾತು ಕೊಡಲಾರರು. ಬೇಗ ಹಳತಾಗುವ ಭಾಗ ಕಪಾಟಿನಲ್ಲಿದ್ದರೆ ಬದಲಿಸುವುದು ಐದು ನಿಮಿಷದ ಕೆಲಸ, ಚಾವಣಿಯಲ್ಲಿದ್ದರೆ ಏಣಿ ತರಬೇಕು.

ನಿಮ್ಮಲ್ಲಿ ಯು.ಪಿ.ಎಸ್. ಇದ್ದರೆ ಆಂಪ್ಲಿಫೈಯರಿನ ಜೊತೆಗೆ ರೌಟರಿಗೂ ಅದರಿಂದಲೇ ವಿದ್ಯುತ್ ಕೊಡಿ, ಇಲ್ಲವಾದರೆ ಕರೆಂಟ್ ಹೋದಾಗ ಪೆಟ್ಟಿಗೆಯ ದೀಪ ಉರಿಯುತ್ತಿದ್ದರೂ ಹಾಡು ಬರುವುದಿಲ್ಲ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದು, ಅದರಲ್ಲಿ ನಡೆಯುವಾಗ ಮಾತ್ರ ಸ್ಪೀಕರ್‌ಗಳಲ್ಲಿ ಗುಂಯ್ ಎಂಬ ಶಬ್ದ ಬಂದರೆ ದೋಷ ಇನ್ವರ್ಟರಿನದು. ಸೈನ್ ವೇವ್ ಇನ್ವರ್ಟರಿಗೆ ಬದಲಾಯಿಸಿದಾಗ ಹೋಗುತ್ತದೆ. ಕರೆಂಟ್ ಇರುವಾಗಲೂ ಅದೇ ಶಬ್ದ ಬರುತ್ತಿದ್ದರೆ ಸ್ಪೀಕರ್ ವೈರ್ ದೀಪದ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾದಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಹಾಗಿದ್ದಲ್ಲಿ ಶಬ್ದದ ತೊಂದರೆಗಿಂತ ಸುರಕ್ಷತೆಯ ದೃಷ್ಟಿಯಿಂದಲೇ ಅವನ್ನು ಬೇರೆ ಮಾಡಿಸಬೇಕು, ಆ ಕೆಲಸ ಮುಗಿಯುವವರೆಗೆ ಆ ಜೋಡಿಯನ್ನು ಆಂಪ್ಲಿಫೈಯರಿಗೆ ಸೇರಿಸಬೇಡಿ.